ಕಣ್ಣು ಮುಚ್ಚಿದ ಬೆಕ್ಕು

ರಾತ್ರಿ ಹನ್ನೊಂದಕ್ಕೆ ಅಬು ಶಾಕಿರನ ಜನರೇಟರು
ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಸುಮ್ಮನಾಗುತ್ತದೆ.
ಟ್ರಿಪೋಲಿಯ ಬಂದರುಬೀದಿ ಒಂದೇ ಏಟಿಗೆ ಕಪ್ಪು.
ಆಮೇಲೆ ಸಮುದ್ರ ಕೇಳಿಸುತ್ತದೆ,
ಅದಕ್ಕೆ ಯಾರೂ ತಿಂಗಳ ಚಂದಾ ಕೊಡುವುದಿಲ್ಲ.

ಅಷ್ಟರೊಳಗೆ ನನ್ನ ಲ್ಯಾಪ್‌ಟಾಪು ಹೊಟ್ಟೆ ತುಂಬಿಸಿಕೊಂಡಿರಬೇಕು.
ತೊಂಬತ್ತೆಂಟು ಎಂದು ತೋರಿಸಿದ ಮೇಲೆಯೇ
ಮುಚ್ಚಳ ಮುಚ್ಚುತ್ತೇನೆ, ಮಗುವಿಗೆ ಹೊದಿಸಿದ ಹಾಗೆ,
ಅಲ್ಲ, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಬಿಗಿದ ಹಾಗೆ:
ನಾಳೆಗೆ ಬೇಕು, ಯಾರೂ ಮುಟ್ಟಕೂಡದು.

ನಾಳೆ ಎಂದರೆ ಟರ್ಕಿಯ ಧಾರಾವಾಹಿಯ ನೂರ ಹನ್ನೆರಡನೆಯ ಕಂತು.
ಅಲ್ಲಿ ಅತ್ತೆ ಬಾಯಿಗೆ ಬಂದಂತೆ ಬೈಯುತ್ತಾಳೆ,
ಇಲ್ಲಿ ನಾನು ಅರಬ್ಬಿಯಲ್ಲಿ, ಪರದೆಯ ತಳದಲ್ಲಿ,
ಎರಡು ಸಾಲು ಮೀರದಂತೆ ಬೈಯಬೇಕು.
ಶೇಕಡಾ ಒಂದಕ್ಕೆ ಒಂಬತ್ತು ಸಾಲು.
ಇದು ನನ್ನ ದರ. ಬ್ಯಾಂಕಿನ ಮಾತು ಬೇಡ.

ಬೆಳಿಗ್ಗೆ ಐದೂವರೆಗೆ ತೆರೆದರೆ ಐವತ್ತೇಳು.
ಮುಚ್ಚಳದ ಮೇಲೆ ನಾನಿಟ್ಟ ಬಾಚಣಿಗೆ
ಇಟ್ಟಲ್ಲೇ ಇದೆ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಗೊತ್ತು;
ಹಾಲೇ ಕಣ್ಣು ಮುಚ್ಚಿ ತನ್ನನ್ನು ತಾನು ಕುಡಿದರೆ
ಯಾರ ಬೆನ್ನಿಗೆ ಹೊಡೆಯಲಿ?

ಬ್ಯಾಟರಿಗೆ ವಯಸ್ಸಾಯಿತು ಎಂದ ಅಂಗಡಿಯ ಮುನೀಫ್.
ನಲವತ್ತು ಡಾಲರ್ ಎಂದ.
ನಾನು ಮನೆಗೆ ಬಂದು
ಅದು ತನ್ನಷ್ಟಕ್ಕೆ ಬರೆದಿಟ್ಟ ರಾತ್ರಿಯ ದಿನಚರಿ ತೆಗೆಸಿದೆ.
ಯಂತ್ರ ಸುಳ್ಳು ಹೇಳುವುದಿಲ್ಲ,
ಕೇಳದಿದ್ದರೆ ನಿಜವನ್ನೂ ಹೇಳುವುದಿಲ್ಲ.

ಹನ್ನೆರಡು ನಲವತ್ತು, ಎಚ್ಚರ.
ಒಂದು ಐವತ್ತೈದು, ಎಚ್ಚರ.
ಎರಡು ಹತ್ತು. ಎರಡು ಹನ್ನೆರಡು. ಮೂರೂವರೆ.
ಎಬ್ಬಿಸಿದವರು ಯಾರು ಎಂಬಲ್ಲಿ ಪ್ರತಿಸಲ ಒಂದೇ ಹೆಸರು:
ಖಾಲೊ ವಹೀಬನ ಹೆಡ್‌ಫೋನು.

ಗೋಡೆಯಾಚೆ ಮಲಗುವ ನನ್ನ ಸೋದರಮಾವ.
ನಲವತ್ತು ವರ್ಷ ಕುರ್ಚಿ ಮಂಚಗಳಿಗೆ ಮರ ಕೊಯ್ದ ಗರಗಸ
ಜೊತೆಜೊತೆಗೆ ಅವನ ಕಿವಿಯನ್ನೂ ಕೊಯ್ದಿತ್ತು.
ಹಿಂದಿನ ರಂಜಾನಿನಲ್ಲಿ ಫುಟ್‌ಬಾಲ್ ಕೇಳಲೆಂದು
ಅದನ್ನು ನನ್ನ ಲ್ಯಾಪ್‌ಟಾಪಿಗೆ ಗಂಟುಹಾಕಿದವಳು ನಾನೇ.
"ನಿದ್ದೆ ಬಂತೇ ಖಾಲೊ?" ದಿನಾ ಬೆಳಿಗ್ಗೆ ಕೂಗುತ್ತೇನೆ.
"ಕಲ್ಲಿನ ಹಾಗೆ ಮಲಗಿದ್ದೆ ಹನಾದಿ!" ದಿನಾ ಕೂಗುತ್ತಾನೆ.

ಅಷ್ಟು ಹೊತ್ತಿನಲ್ಲಿ ಅದರಲ್ಲಿ ಏನು ಕೇಳುತ್ತಾನೆ?
ಹಾಡಿಲ್ಲ, ಸುದ್ದಿಯಿಲ್ಲ, ಪ್ರಾರ್ಥನೆಯಿಲ್ಲ.
ಅವನು ಬ್ರೆಡ್ಡು ತರಲು ಹೋದಾಗ
ಕಿವಿಗಿಟ್ಟು ಗುಂಡಿ ಒತ್ತಿದೆ.
ಮೊದಲು ಪೀಂ ಎಂದು ಒಂದು ಸದ್ದು. ಆಮೇಲೆ ಒಬ್ಬ ಹೆಂಗಸು,
ಎಲ್ಲಿಯವಳೋ, ಕಿವಿಯೊಳಗೇ ಕೂತು
"ಕನೆಕ್ಟೆಡ್" ಎಂದಳು.

ಕೂಗಲಿಲ್ಲ.

ನಾವೆಲ್ಲ ಅವನೊಡನೆ ಕೂಗುತ್ತೇವೆ. ಕೂಗಿದರೆ
ಉಪ್ಪು ಕೊಡು ಎಂಬುದೂ ಜಗಳದ ಹಾಗೆ ಕೇಳುತ್ತದೆ.

ಆದರೂ ಆ ರಾತ್ರಿ
"ಈ ಸಾಧನವನ್ನು ಮರೆತುಬಿಡು" ಎಂಬುದನ್ನು ಒತ್ತಿದೆ. ಒತ್ತಿದೆ, ಹೌದು.
ನಲವತ್ತೊಂದು ಶೇಕಡಾ ಎಂದರೆ
ಮುನ್ನೂರ ಅರವತ್ತೊಂಬತ್ತು ಸಾಲು.
ಬೆಳಿಗ್ಗೆ ತೊಂಬತ್ತಾರು!
ಅತ್ತೆ ಮಧ್ಯಾಹ್ನದವರೆಗೂ ಬೈದಳು.

ಖಾಲೊ ಹೆಡ್‌ಫೋನನ್ನು ತಟ್ಟೆಯ ಪಕ್ಕ ಇಟ್ಟು
ಎಣ್ಣೆ ಮೆತ್ತಿದ ಬೆರಳಿನಿಂದ ನನ್ನ ಕಡೆಗೆ ತಳ್ಳಿದ.
"ಕೆಟ್ಟಿದೆ. ಈಗ ಏನೂ ಹೇಳುವುದಿಲ್ಲ."
ಕಲ್ಲಿಗೆ ಅದು ಹೇಗೆ ಗೊತ್ತಾಯಿತು ಎಂದು ಕೂಗಬಹುದಿತ್ತು.
ತೆರೆದ ಬಾಯಿಗೆ ಬ್ರೆಡ್ಡು ತುರುಕಿಕೊಂಡೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ ಎನ್ನುತ್ತೇವೆ,
ಎಣ್ಣೆ ಯಾರ ಮನೆಯದು ಎಂದು ಕೇಳುವುದಿಲ್ಲ.

ಅಬು ಶಾಕಿರನ ಹತ್ತಿರ ಅರ್ಧ ಗಂಟೆ ಹೆಚ್ಚಿಗೆ ಕೇಳಿದೆ.
ಯಾತಕ್ಕೆ ಎಂದ.
ಮನೆಯಲ್ಲಿ ತಿನ್ನುವ ಬಾಯಿ ಒಂದು ಜಾಸ್ತಿ ಎಂದೆ.
ಕೊಡಲಿಲ್ಲ.

ನಿನ್ನೆ ನಡುರಾತ್ರಿ ನನಗೇ ಎಚ್ಚರವಾಯಿತು.
ಮೇಜಿನ ಮೇಲೆ, ಬಾಚಣಿಗೆಯ ಕೆಳಗೆ,
ಮುಚ್ಚಳದ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು
ಹುಟ್ಟಿ, ಸ್ವಲ್ಪ ಹೊತ್ತು ನಿಂತು, ಆರಿತು.
ಎಪ್ಪತ್ತು ಸಾಲು ಹೋಯಿತು
ಎಂದುಕೊಂಡು ಮಗ್ಗಲು ಬದಲಿಸಿದೆ.